ಸರದಿಯ ರೊಟ್ಟಿ

ನಮ್ಮೂರ ಚರ್ಚಿನಲ್ಲಿ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಕರ್ತನ ಭೋಜನಕ್ಕೆ ಬಿಳಿಜೋಳದ ರೊಟ್ಟಿಯೇ ಆಗಬೇಕು. ಪಟ್ಟಣದ ಚರ್ಚುಗಳಲ್ಲಿ ಕೊಡುವ ತೆಳುವಾದ ಬಿಳಿ ಬಿಲ್ಲೆ ನಮ್ಮಲ್ಲಿ ನಡೆಯುವುದಿಲ್ಲ. ನಾನು ಚಿಕ್ಕವನಿದ್ದಾಗ ಹೊಸದಾಗಿ ಬಂದ ಸಭಾಪಾಲಕರೊಬ್ಬರು ಅದನ್ನು ಡಬ್ಬಿಯಲ್ಲಿ ತಂದು ಹಂಚಿದ್ದರು. ಹಿರಿಯರು ಬಾಯಲ್ಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಆರಾಧನೆ ಮುಗಿದ ಮೇಲೆ ಅವ್ವ ಅವರ ಎದುರಿಗೇ ಹೇಳಿದಳು: "ಪಾಸ್ಟರ್ರ, ಇದು ನಾಲಿಗಿ ಮ್ಯಾಲ ಕರಗಿ ಹೋಗತೈತಿ. ಅಗಿಯಾಕ ಏನರ ಇರಬೇಕಲ್ರಿ." ಮುಂದಿನ ತಿಂಗಳಿಂದ ಮತ್ತೆ ರೊಟ್ಟಿ ಬಂತು.

ಸಭೆಯೆಂದರೆ ಒಂಬತ್ತು ಮನೆ. ಊರು ಇಂಡಿ-ಸಿಂದಗಿ ರಸ್ತೆಯ ಕ್ರಾಸಿನಿಂದ ಎರಡು ಕಿಲೋಮೀಟರು ಒಳಗೆ. ಸಭಾಪಾಲಕರು ಸಿಂದಗಿಯಲ್ಲಿರುತ್ತಾರೆ. ಏಳು ಹಳ್ಳಿಗಳ ಸಭೆಗಳು ಅವರ ಮೇಲಿರುವುದರಿಂದ ನಮ್ಮಲ್ಲಿಗೆ ಬರುವುದು ತಿಂಗಳ ಎರಡನೆಯ ಭಾನುವಾರ ಮಾತ್ರ. ಅಂದಿನ ರೊಟ್ಟಿ ತಿಂಗಳಿಗೊಂದು ಮನೆಯದು. ಸರದಿ ಬಂದ ಮನೆಯ ಹೆಂಗಸು ಶನಿವಾರವೇ ಹಂಚು ತಿಕ್ಕಿ ತೊಳೆದಿಡುತ್ತಾಳೆ. ಭಾನುವಾರ ಬೆಳಿಗ್ಗೆ ಜಳಕ ಮಾಡಿ, ಯಾರೊಂದಿಗೂ ಮಾತಾಡುವ ಮುಂಚೆ ಎರಡು ತೆಳು ರೊಟ್ಟಿ ಬಡಿದು ಬೇಯಿಸಿ, ಖಡಕ್ ಆಗುವ ತನಕ ಒಲೆಯ ಮಗ್ಗುಲಿಗೆ ನಿಲ್ಲಿಸುತ್ತಾಳೆ. ಉಪ್ಪು ಹಾಕುವುದಿಲ್ಲ, ಎಳ್ಳು ಹಚ್ಚುವುದಿಲ್ಲ. ಸಭಾಪಾಲಕರು ಅದನ್ನು ಎರಡೂ ಕೈಯಲ್ಲಿ ಎತ್ತಿ ಮುರಿದಾಗ ಆಗುವ ಸಣ್ಣ ಸದ್ದು ಕಡೆಯ ಸಾಲಿನಲ್ಲಿ ಕೂತವರಿಗೂ ಕೇಳುತ್ತದೆ.

ಯಾವ ತಿಂಗಳು ಯಾರ ಮನೆಯದೆಂಬ ಪಟ್ಟಿ ಚರ್ಚಿನ ಬಾಗಿಲ ಹಿಂದೆ ಅಂಟಿಸಿದೆ. ಅದನ್ನು ಗೆರೆ ಹೊಡೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದವನು ನಾನೇ. ಮೊದಲು ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತಿತ್ತು. ಒಂದು ತಿಂಗಳು ಎರಡು ಮನೆಯಿಂದ ಬರುತ್ತಿತ್ತು, ಇನ್ನೊಂದು ತಿಂಗಳು ಯಾರೂ ತರದೆ ಹೆಂಗಸರು ಓಡಾಡುತ್ತಿದ್ದರು. ಇಂಥ ಗೋಳು ನನಗೆ ಆಗಿಬರುವುದಿಲ್ಲ. ನಾನು ಸರ್ಕಾರಿ ಬಸ್ಸಿನ ಡ್ರೈವರ್. ಇಂಡಿ ಡಿಪೋದಲ್ಲಿ ಕೆಲಸ, ಅಲ್ಲಿಯೇ ಬಾಡಿಗೆ ಮನೆ, ಮನೆಯಲ್ಲಿ ನಾನು ಮತ್ತು ಹೆಂಡತಿ. ಇಂಡಿಯಿಂದ ಬೆಳಿಗ್ಗೆ ಬಿಟ್ಟು ಸಿಂದಗಿ, ತಾಳಿಕೋಟೆ ಮೇಲೆ ಮುದ್ದೇಬಿಹಾಳಕ್ಕೆ ಹೋಗಿ ಅದೇ ದಾರಿಯಲ್ಲಿ ತಿರುಗಿ ಬರುವ ಗಾಡಿ ನನ್ನದು. ನನ್ನ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುವವರು ಆ ದಾರಿಯಲ್ಲಿದ್ದಾರೆಂದು ನಾನೇ ಹೇಳಿಕೊಳ್ಳುತ್ತಿದ್ದೆ. ತಡ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಾಯಿಯೂ ಸ್ವಲ್ಪ ಜೋರು.

ಅದೇ ಪಟ್ಟಿಯಲ್ಲಿ ಮೂರನೆಯ ಹೆಸರು ನನ್ನ ಅಣ್ಣನ ಮನೆಯದು. ಎಂಟನೆಯದು ನಮ್ಮದು. ಆರು ವರ್ಷ ನಾನು ಅಣ್ಣನೊಂದಿಗೆ ಮಾತಾಡಲಿಲ್ಲ. ಆರು ವರ್ಷದಲ್ಲಿ ಅವನ ಮನೆಯ ಸರದಿ ಎಂಟು ಸಲ ಬಂತು, ಎಂಟು ಸಲವೂ ನಾನು ಚರ್ಚಿಗೆ ಹೋಗಲಿಲ್ಲ. ಜಗಳವಾಡಿ ತಪ್ಪಿಸಿಕೊಂಡೆನೆಂದು ಯಾರೂ ಹೇಳುವ ಹಾಗಿರಲಿಲ್ಲ. ಸರದಿ ಯಾವ ತಿಂಗಳೆಂದು ಪಟ್ಟಿ ನೋಡಿ, ಆ ಭಾನುವಾರಕ್ಕೆ ಡಿಪೋದಲ್ಲಿ ನಾನೇ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಭಾನುವಾರ ಯಾರಿಗೂ ಬೇಡವಾದ ಡ್ಯೂಟಿ, ಕೇಳಿದರೆ ಖುಷಿಯಿಂದ ಕೊಡುತ್ತಿದ್ದರು. ವೈನಿಯ ಕೈಯ ರೊಟ್ಟಿ, ಅದೂ ಕರ್ತನ ಮೇಜಿನ ಮೇಲಿನ ರೊಟ್ಟಿ, ನನ್ನ ಬಾಯಿಗೆ ಬರದಂತೆ ನಾನು ಅಷ್ಟು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡಿಕೊಂಡಿದ್ದೆ.

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಆಕೆ ನಮ್ಮ ಮನೆಗೆ ಬಂದಳು. ಅವ್ವ ಕೂಲಿಗೆ ಹೋದರೆ ಶಾಲೆಗೆ ಹೋಗುವ ನನಗೆ ಬುತ್ತಿ ಕಟ್ಟಿದವಳು ಆಕೆ. ಆಕೆಯ ತಪ್ಪು ಏನೂ ಇರಲಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ಆಕೆಯ ಕೈಯನ್ನೂ ಸೇರಿಸಿಕೊಂಡಿದ್ದೆ.

ಸಿಟ್ಟು ಅವ್ವನ ಮಣ್ಣಿನದು. ಅವ್ವ ಅಣ್ಣನ ಮನೆಯಲ್ಲಿದ್ದಳು. ಕಡೆಯ ಎರಡು ವರ್ಷ ಕಣ್ಣು ಪೂರ್ತಿ ಹೋಗಿತ್ತು. ಒಂದು ದಿನ, ಬಿಸಿಲು ಕೆಂಡವಾಗಿದ್ದ ಏಪ್ರಿಲ್ ತಿಂಗಳಲ್ಲಿ, ನಾನು ಮುದ್ದೇಬಿಹಾಳ ಬಸ್ ನಿಲ್ದಾಣದಲ್ಲಿ ಊಟದ ಡಬ್ಬಿ ಬಿಚ್ಚಿದ್ದೆ, ಅಣ್ಣನ ಫೋನ್ ಬಂತು. "ಅವ್ವ ಹ್ವಾದ್ಲೋ ತಮ್ಮಾ," ಎಂದ. ಅಂದು ಸಂಜೆಯೇ ಸಭಾಪಾಲಕರು ಬಸವನ ಬಾಗೇವಾಡಿಯ ಕಡೆ ಒಂದು ಹಳ್ಳಿಗೆ ಹೋಗಬೇಕಿತ್ತು, ಅಲ್ಲೂ ಒಂದು ಸಾವು. ನಾಲ್ಕು ಗಂಟೆಗೆ ಮಣ್ಣು ಮಾಡಬೇಕೆಂದು ಅಣ್ಣ ಹೇಳಿದ. ನಾನು ಬರುವ ತನಕ ಯಾರೂ ಪೆಟ್ಟಿಗೆ ಮುಚ್ಚಕೂಡದೆಂದು ನಾನು ಹೇಳಿದೆ. ತಾಳಿಕೋಟೆ ದಾಟಿದ ಮೇಲೆ ಹಿಂದಿನ ಟೈರು ಪಂಕ್ಚರ್ ಆಯಿತು. ಬಿಸಿಲಲ್ಲಿ ನಟ್ಟು ಬಿಚ್ಚುವಾಗ ಕೈ ಸುಟ್ಟವು. ಮುಕ್ಕಾಲು ಗಂಟೆ ಅಲ್ಲಿಯೇ ಹೋಯಿತು. ಅವರು ನಾಲ್ಕೂವರೆ ತನಕ ಕಾದರಂತೆ. ನಾನು ನಮ್ಮೂರ ಕ್ರಾಸಿಗೆ ಬಂದಾಗ ಐದೂ ಕಾಲು. ತುಂಬಿದ ಬಸ್ಸನ್ನು ರಸ್ತೆಯ ಮಗ್ಗುಲಿಗೆ ಹಚ್ಚಿ, ಯಾರದೋ ಗಾಡಿಯ ಹಿಂದೆ ಕೂತು ಸ್ಮಶಾನಕ್ಕೆ ಹೋದೆ. ಹಸಿ ಮಣ್ಣಿನ ಮೇಲೆ ಕಟ್ಟಿಗೆಯ ಶಿಲುಬೆ ನೆಟ್ಟಾಗಿತ್ತು. ಅಣ್ಣ ಸಲಿಕೆ ಹಿಡಿದು ನಿಂತಿದ್ದ. ಅವನ ಮುಖಕ್ಕೆ ಹೇಳಿದೆ, "ಇವತ್ತಿನಿಂದ ನನಗ ಅಣ್ಣ ಇಲ್ಲ." ಅಲ್ಲಿಂದಲೇ ತಿರುಗಿ ಬಂದು ಬಸ್ಸು ಹತ್ತಿದೆ. ಬಸ್ಸಿನ ಜನ ಕಾದು ಕೂತಿದ್ದರು. ಇಂಡಿ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷ ತಡವಾಗಿತ್ತು. ನನ್ನ ನೌಕರಿಯಲ್ಲಿ ಅಷ್ಟು ತಡ ಅದೇ ಮೊದಲು.

ನಾನು ಈ ಸಂಗತಿಯನ್ನು ಊರಲ್ಲಿ, ಬೀಗರಲ್ಲಿ, ಡಿಪೋದಲ್ಲಿ, ಝಳಕಿಯ ಚಹಾದಂಗಡಿಯಲ್ಲಿ ಕೂಡ ಹೇಳಿದ್ದೇನೆ. ಕೇಳಿದವರೆಲ್ಲ ಲೊಚಗುಟ್ಟಿದರು. ಇನ್ನೊಂದು ಮುಕ್ಕಾಲು ಗಂಟೆ ಕಾಯಲಾರದ ಅಣ್ಣನೆಂದು ಸಭೆಯಲ್ಲಿ ಮಾತಾಯಿತು. ಅಣ್ಣ ಆಗ ಸಭೆಯ ಹಿರಿಯನಾಗಿದ್ದ, ಸಭಾಪಾಲಕರು ಬಾರದ ಭಾನುವಾರಗಳಲ್ಲಿ ಪ್ರಾರ್ಥನೆ ನಡೆಸುವವನು ಅವನೇ. ತಮ್ಮನನ್ನು ಬಿಟ್ಟು ತಾಯಿಗೆ ಮಣ್ಣು ಕೊಟ್ಟವನು ನಮಗೇನು ಪ್ರಾರ್ಥನೆ ಹೇಳಿಕೊಡುತ್ತಾನೆಂದು ಒಬ್ಬಿಬ್ಬರು ಅಂದರು. ಅದು ಅವನ ಕಿವಿಗೂ ಬಿತ್ತು. ಎರಡು ತಿಂಗಳಾದ ಮೇಲೆ ಹಿರಿತನ ಬಿಟ್ಟು, ಹಿಂದಿನ ಸಾಲಿಗೆ ಹೋಗಿ ಕೂತ. ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹಾಗೆಯೇ.

ಅವ್ವ ಹೋದ ಮೇಲೆ ನಾನು ಪ್ರಾರ್ಥನೆ ಬಿಟ್ಟುಬಿಟ್ಟಿದ್ದೆ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೂ ಬಾಯಿಗೆ ಬಂದದ್ದು ಬೈಯುತ್ತಿದ್ದೆ. ಒಂದು ದಿನ ಸಭಾಪಾಲಕರು ಸಿಂದಗಿಯಲ್ಲಿ ನನ್ನ ಬಸ್ಸು ಹತ್ತಿ, ನನ್ನ ಹಿಂದಿನ ಸೀಟಿನಲ್ಲಿಯೇ ಕೂತು, ತಾಳಿಕೋಟೆಯ ತನಕ ಎಲ್ಲವನ್ನೂ ಕೇಳಿಸಿಕೊಂಡರು. ಇಳಿಯುವಾಗ ಮೆಲ್ಲಗೆ ಕೇಳಿದರು: "ಡ್ರೈವರ್ ಸಾಹೇಬ್ರ, ಈ ಗಾಡಿ ಮನಸ್ಸು ಬಂದಾಗ ಬಿಡ್ತೀರೇನು, ಟೈಮಿಗೆ ಬಿಡ್ತೀರೇನು?"

"ಟೈಮಿಗೆ ಬಿಡ್ತೇನ್ರಿ."

"ಪ್ರಾರ್ಥನಿನೂ ಹಂಗ ಮಾಡ್ರಿ. ಮನಸ್ಸು ಬರಲಿ ಅಂತ ಕಾಯಬ್ಯಾಡ್ರಿ. ಒಂದು ಹೊತ್ತು, ಒಂದು ಜಾಗಾ. ಹೋಗಿ ಕೂಡ್ರಿ, ಸಾಕು."

ಅವರು ಹೇಳಿದ್ದು ಇಷ್ಟೇ. ಉಳಿದದ್ದನ್ನೆಲ್ಲ ನಾನು ಕಟ್ಟಿಕೊಂಡೆ. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು. ಅಡಿಗೆಮನೆಯ ಗೋಡೆಗೆ ಹಚ್ಚಿದ ಕಟ್ಟಿಗೆಯ ಕುರ್ಚಿಯಲ್ಲಿ ಕೂಡುವುದು. ಚಹಾ ಆಮೇಲೆ. ಬೈಬಲಿನ ಒಂದು ಕೀರ್ತನೆ, ಸುವಾರ್ತೆಯ ಒಂದು ಭಾಗ, ಐದು ನಿಮಿಷ ಮೌನ, ಕರ್ತನು ಕಲಿಸಿದ ಪ್ರಾರ್ಥನೆ, ಕಡೆಗೆ ಹೆಸರುಗಳು. ಯಾರಿಗಾಗಿ ಬೇಡಿಕೊಳ್ಳಬೇಕೋ ಅವರ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಮೊದಲ ಮೂರು ತಿಂಗಳು ಬರೀ ನಿದ್ದೆಯೊಂದಿಗೆ ಗುದ್ದಾಟ. ಕಣ್ಣು ಮುಚ್ಚಿದರೆ ಕ್ಲಚ್ ಪ್ಲೇಟು, ಬ್ರೇಕು, ಡಿಪೋದವರ ಮುಖ. ಮೌನದ ಐದು ನಿಮಿಷ ಮುಗಿಯಿತೇ ಎಂದು ನಾಲ್ಕು ಸಲ ಗಡಿಯಾರ ನೋಡುತ್ತಿದ್ದೆ. ಆದರೂ ಎದ್ದು ಹೋಗಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಗಡಿಯಾರ ಬಡಿಯುವ ಮುಂಚೆಯೇ ಎಚ್ಚರವಾಗತೊಡಗಿತು.

ಇದರಿಂದ ಏನೂ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಹದಿನೈದು ವರ್ಷದ ತಂಬಾಕು ಬಿಟ್ಟಿತು. ಬೈಗುಳ ಕಡಿಮೆಯಾಯಿತು. ಹೂವಿನ ಹಿಪ್ಪರಗಿಯ ಕಡೆ ಡ್ಯೂಟಿ ಬಿದ್ದು ರಾತ್ರಿ ಅಲ್ಲೇ ವಸ್ತಿ ಇದ್ದಾಗಲೂ, ಬಸ್ಸಿನ ಸೀಟಿನ ಮೇಲೆ ಕೂತು ಕೀರ್ತನೆ ಓದುವಾಗ ಎದೆ ಹಗುರಾದದ್ದುಂಟು. ದಿನವೂ ಒಂದೇ ಹೊತ್ತಿಗೆ ದೇವರ ಮುಂದೆ ಹಾಜರಾಗುವವನಿಗೆ ಒಂದು ಗಟ್ಟಿತನ ಬರುತ್ತದೆ. ಅದನ್ನು ನಾನು ಕಂಡಿದ್ದೇನೆ.

ಆದರೆ ಅದರೊಂದಿಗೆ ಇನ್ನೊಂದೂ ಬಂತು. ನಾಲ್ಕೂವರೆಗೆ ಏಳದವರೆಲ್ಲ ನನ್ನ ಕಣ್ಣಿಗೆ ಸಸಾರವಾಗಿ ಕಾಣತೊಡಗಿದರು. ಹೆಂಡತಿ ಏಳುವುದು ಐದೂವರೆಗೆ. ಆಕೆ ರೊಟ್ಟಿ ಬಡಿಯುತ್ತ ಬಾಯಲ್ಲೇ ಹಾಡು ಗುನುಗಿಕೊಂಡು ಪ್ರಾರ್ಥಿಸುವವಳು. ಅದು ಪ್ರಾರ್ಥನೆಯೇ ಅಲ್ಲ, ಕೂತು ಮಾಡಬೇಕೆಂದು ಒಂದು ದಿನ ರೇಗಿದೆ. ಆಕೆ ರೊಟ್ಟಿ ತಿರುವಿಹಾಕಿ, ನನ್ನ ಕಡೆ ನೋಡದೆ ಹೇಳಿದಳು:

"ನೀವು ಕುಂತೇ ಮಾಡ್ತೀರಲ್ಲ, ಆರು ವರ್ಷ ಆಗಾಕ ಬಂತು. ಆ ವಹಿಯೊಳಗ ನಿಮ್ಮ ಅಣ್ಣಾರ ಹೆಸರು ಐತೇನ್ರಿ?"

ಮೂವತ್ತೊಂದು ಹೆಸರುಗಳಿದ್ದವು. ಡಿಪೋದ ವಾಚ್‌ಮನ್‌ನ ಮಗಳ ಹೆಸರಿತ್ತು. ಅಣ್ಣನದು ಇರಲಿಲ್ಲ. ನಾನು ಚಹಾ ಕುಡಿಯದೆ ಡ್ಯೂಟಿಗೆ ಹೋದೆ.

ಹೆಂಡತಿಗೂ ಹೇಳದಿದ್ದ ಒಂದು ಮಾತು ನನ್ನಲ್ಲಿತ್ತು. ಅಂದು ಸಾವಿನ ಸುದ್ದಿ ಮುದ್ದೇಬಿಹಾಳದಲ್ಲಿ ಬಂತೆಂದು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ಅದು ನಿಜ. ಆದರೆ ಅದಕ್ಕೂ ಮುಂಚೆ ಒಂದು ಫೋನ್ ಬಂದಿತ್ತು. ಗಾಡಿ ಓಡಿಸುವಾಗ ನಾನು ಮೊಬೈಲ್ ಬಂದ್ ಇಡುವವನು. ಬೆಳಿಗ್ಗೆ ಬಸ್ಸು ಸಿಂದಗಿ ನಿಲ್ದಾಣಕ್ಕೆ ಹೋದಾಗ ಅಲ್ಲಿಯ ಕಂಟ್ರೋಲರ್ ನನ್ನನ್ನು ಕಿಟಕಿಯ ಹತ್ತಿರ ಕರೆದರು. "ನಿಮ್ಮ ಅಣ್ಣಾರು ಫೋನ್ ಮಾಡಿದ್ರು. ತಾಯಿಗಿ ಭಾಳ ಸೀರಿಯಸ್ ಐತಂತ. ಇಲ್ಲೊಬ್ಬ ಡ್ರೈವರ್ ಖಾಲಿ ಅದಾನ, ಅಂವಗ ಗಾಡಿ ಕೊಟ್ಟು ನೀವು ಊರಿಗಿ ಹೋಗ್ರಿ," ಎಂದರು. ಸಿಂದಗಿಯಿಂದ ನಮ್ಮೂರಿಗೆ ಮುಕ್ಕಾಲು ತಾಸಿನ ದಾರಿ. ಒಂಬತ್ತಕ್ಕೆಲ್ಲ ಅವ್ವನ ಹತ್ತಿರ ಇರುತ್ತಿದ್ದೆ. ಅವ್ವ ಹೋದದ್ದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ.

ನಾನು ಬೇಡವೆಂದೆ. ಆ ತಿಂಗಳಲ್ಲಿ ಅವ್ವನಿಗೆ ಜೋರಾಗಿದೆಯೆಂದು ಎರಡು ಸಲ ಓಡಿ ಹೋಗಿದ್ದೆ, ಎರಡೂ ಸಲ ಆಕೆ ಎದ್ದು ಕೂತು ಗಂಜಿ ಕುಡಿದಿದ್ದಳು. ಅದು ಒಂದು ಕಾರಣ. ಇನ್ನೊಂದು ಕಾರಣವೇ ದೊಡ್ಡದು. ಅಷ್ಟು ವರ್ಷದಲ್ಲಿ ನಾನು ಒಂದು ಟ್ರಿಪ್ಪನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ. ಡಿಪೋದಲ್ಲಿ ಅದನ್ನು ಎಲ್ಲರೂ ಹೇಳುತ್ತಿದ್ದರು. "ಟ್ರಿಪ್ ಮುಗಿಸೇ ಹೋಗ್ತೇನ್ರಿ," ಎಂದು ಹೇಳಿ, ಹೊತ್ತಿಗೆ ಸರಿಯಾಗಿ ಗಾಡಿ ಬಿಟ್ಟೆ.

ಅಣ್ಣನನ್ನು ದೂರುತ್ತ ದೂರುತ್ತ ಈ ಕಿಟಕಿಯ ಮಾತನ್ನು ಮರೆತೇಬಿಡಬಹುದೆಂದುಕೊಂಡಿದ್ದೆ. ಆಗಲಿಲ್ಲ. ಅದಕ್ಕೆ ಅಡ್ಡ ಬಂದದ್ದು ಆ ನಾಲ್ಕೂವರೆಯ ಕುರ್ಚಿಯೇ. ಮನಸ್ಸು ಬಂದಾಗ ಪ್ರಾರ್ಥಿಸುವವನಾಗಿದ್ದರೆ ಮನಸ್ಸು ಬಾರದ ದಿನ ತಪ್ಪಿಸಿಕೊಳ್ಳುತ್ತಿದ್ದೆ. ದಿನವೂ ಕೂತರೆ ದಿನವೂ ಕರ್ತನ ಪ್ರಾರ್ಥನೆಯ ಆ ಸಾಲು ಬರುತ್ತದೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪನ್ನೂ ಕ್ಷಮಿಸೆಂದು ಬೇಡುವ ಸಾಲು. ಅದು ಹತ್ತಿರ ಬಂದಾಗ ನಾನು ವೇಗ ಹೆಚ್ಚಿಸುತ್ತಿದ್ದೆ. ಒಂದೇ ಉಸಿರಿಗೆ ಅದನ್ನು ದಾಟಿ ಮುಂದಿನ ಮಾತಿಗೆ ಹೋಗುತ್ತಿದ್ದೆ. ಆದರೂ ಕಂಟ್ರೋಲರ್ ಕಿಟಕಿಯಲ್ಲಿ ಮುಖ ಮುಂದೆ ಮಾಡಿದ್ದು ಕಾಣುತ್ತಿತ್ತು. ಆರು ವರ್ಷ ಹೀಗೇ ನಡೆಯಿತು. ಶಿಸ್ತಿನಿಂದ ದೇವರ ಹತ್ತಿರ ಹೋಗುತ್ತಿದ್ದೇನೆಂದು ಜನ ತಿಳಿದಿದ್ದರು. ಅದೇ ಶಿಸ್ತಿನಿಂದ ದೇವರಿಂದಲೇ ಒಂದು ಮಾತನ್ನು ಮುಚ್ಚಿಟ್ಟು ಬರುತ್ತಿದ್ದೆ.

ನಮ್ಮ ಮನೆಯ ಸರದಿ ಬಂದಾಗ ಅಣ್ಣ ಏನು ಮಾಡುತ್ತಿದ್ದನೆಂಬುದನ್ನೂ ಹೇಳಬೇಕು. ಅವನು ಒಂದು ಸಲವೂ ತಪ್ಪಿಸಲಿಲ್ಲ. ಹಿಂದಿನ ಸಾಲಿನಿಂದ ಎದ್ದು ಬಂದು, ಮೊಣಕಾಲೂರಿ, ನನ್ನ ಹೆಂಡತಿ ಬಡಿದ ರೊಟ್ಟಿಯ ತುಣುಕಿಗೆ ಎರಡೂ ಕೈ ಒಡ್ಡುತ್ತಿದ್ದ. ಅವನಿಗೆ ಸೋಲೊಪ್ಪಿ ಅಭ್ಯಾಸವಾಯಿತೆಂದು ನಾನು ತಿಳಿದಿದ್ದೆ.

ಹೋದ ವರ್ಷ ನವೆಂಬರಿನ ಎರಡನೆಯ ಭಾನುವಾರ ಸರದಿ ಬೇರೊಂದು ಮನೆಯದಿತ್ತು. ಹಾಗಾಗಿ ನಾನು ಡ್ಯೂಟಿ ಕೇಳದೆ, ಹೆಂಡತಿಯನ್ನು ಮೋಟರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಊರಿಗೆ ಹೋದೆ. ಅಂದು ಬೈಬಲ್ ವಾಕ್ಯ ಓದುವ ಪಾಳಿಯೂ ನನ್ನದೇ, ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೇಜಿನ ಮೇಲೆ ತಟ್ಟೆ, ತಟ್ಟೆಯ ಮೇಲೆ ಮುಚ್ಚಿದ ಅರಿವೆ. ಓದಿ ಮುಗಿಸಿ ತಿರುಗುವಾಗ ಆ ಅರಿವೆ ನೋಡಿದೆ. ಬಿಳಿ ಅರಿವೆಯ ಒಂದು ಮೂಲೆಗೆ ನೀಲಿ ದಾರದಲ್ಲಿ ಹೊಲಿದ ಶಿಲುಬೆ, ಅದರ ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಕಣ್ಣು ಮಂದವಾಗತೊಡಗಿದ ಕಾಲದಲ್ಲಿ ಅವ್ವ ಹೊಲಿದದ್ದು. ಅದು ಇರುವುದು ಅಣ್ಣನ ಮನೆಯಲ್ಲಿ.

ಸರದಿಯ ಮನೆಯವಳು ಮಗಳ ಬಾಣಂತನಕ್ಕೆ ಹೋಗಿದ್ದಳಂತೆ. ಶನಿವಾರ ಸಂಜೆ ವೈನಿ ತಾನೇ ಒಪ್ಪಿಕೊಂಡಿದ್ದಳು. ಇಂಡಿಯಲ್ಲಿರುವ ನಮಗೆ ಯಾರು ಹೇಳಬೇಕು?

ನಮ್ಮ ಸಭೆಯಲ್ಲಿ ಒಂದು ಪದ್ಧತಿಯಿದೆ. ರೊಟ್ಟಿ ಎತ್ತುವ ಮುಂಚೆ ಸಭಾಪಾಲಕರು, ಯಾರಿಗಾದರೂ ಯಾರೊಂದಿಗಾದರೂ ಮನಸ್ಸು ಕೆಟ್ಟಿದ್ದರೆ ಹೋಗಿ ಸರಿಮಾಡಿಕೊಂಡು ಬನ್ನಿ, ಮೇಜು ಕಾಯುತ್ತದೆ ಎನ್ನುತ್ತಾರೆ. ಹಾಗೆ ಹೇಳಿ ತಟ್ಟೆಯ ಅರಿವೆ ತೆಗೆದು, ಸಾವಕಾಶವಾಗಿ ನಾಲ್ಕು ಮಡಿಕೆ ಮಾಡುತ್ತಾರೆ. ಮಡಿಸುವ ತನಕ ಯಾರೂ ಕೆಮ್ಮುವುದೂ ಇಲ್ಲ. ಆರು ವರ್ಷ ನಾನು ಆ ಹೊತ್ತಿನಲ್ಲಿ ತಲೆ ತಗ್ಗಿಸಿ ಚಪ್ಪಲಿ ಬಿಟ್ಟ ಕಾಲು ನೋಡಿಕೊಂಡು ಕೂತಿದ್ದೇನೆ. ಅಣ್ಣನೂ ಏಳಲಿಲ್ಲ, ನಾನೂ ಏಳಲಿಲ್ಲ. ಉಳಿದ ಮನೆಗಳವರು ನಮ್ಮಿಬ್ಬರ ಕಡೆ ನೋಡದೆ ಕಿಟಕಿ ನೋಡುತ್ತಿದ್ದರು.

ಅಂದು ಅರಿವೆಯ ಮೂರನೆಯ ಮಡಿಕೆ ಆಗುವಾಗ ನಾನು ಎದ್ದೆ. ಒಳ್ಳೆಯ ಉದ್ದೇಶದಿಂದ ಎದ್ದೆನೆಂದು ಹೇಳಲಾರೆ. ಆ ರೊಟ್ಟಿ ತಿನ್ನಲಾರೆ, ಎಲ್ಲರೆದುರು ಕೈ ಒಡ್ಡದೆ ಕೂಡಲೂ ಆರೆ, ಹೊರಗೆ ಹೋಗಿಬಿಡೋಣವೆಂದು ಎದ್ದೆ. ನಡುವಿನ ದಾರಿಯಲ್ಲಿ ನಡೆದು ಬಾಗಿಲು ದಾಟಿದೆ. ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದ್ದೆ. ಚಾವಿ ತೆಗೆಯಲು ಕಿಸೆಗೆ ಕೈ ಹಾಕಿದಾಗ ಹಿಂದೆ ಹೆಜ್ಜೆ ಸಪ್ಪಳವಾಯಿತು. ಅಣ್ಣ ಬಂದಿದ್ದ. ಅವನು ಬೇರೆ ಅರ್ಥ ಮಾಡಿಕೊಂಡಿದ್ದ. ನಾನು ಎದ್ದದ್ದು ಅವನೊಂದಿಗೆ ಸರಿಮಾಡಿಕೊಳ್ಳಲಿಕ್ಕೆಂದೇ ಅವನು ತಿಳಿದಿದ್ದ. ಆ ಮುಖ ನೋಡಿದ ಮೇಲೆ ನನಗೆ ಗಾಡಿ ಹತ್ತಲಾಗಲಿಲ್ಲ.

ಅಣ್ಣ ಮುದುಕನಾಗಿದ್ದ. ಆರು ವರ್ಷ ಅವನನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹುಬ್ಬು ಕೂಡ ಬೆಳ್ಳಗಾಗಿದ್ದವು. ಒಳಗೆ ಸಭಾಪಾಲಕರು ಮುಂದುವರಿಸದೆ, ಒಂದು ಹಾಡು ಎತ್ತಿಕೊಳ್ಳಲು ಹೇಳಿದ್ದು ಕೇಳಿಸಿತು. ಆರಾಧನೆಯ ಕ್ರಮವನ್ನು ಅಕ್ಷರ ತಪ್ಪದೆ ನಡೆಸುವ ಮನುಷ್ಯ ನಡುವೆಯೇ ನಿಲ್ಲಿಸಿದ್ದರು.

ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ದಿನವೂ ದಾಟಿಸಿಕೊಂಡು ಹೋಗುತ್ತಿದ್ದ ಮಾತೇ ಮೊದಲು ಹೊರಬಂತು.

"ಅಣ್ಣಾ, ಅವತ್ತ ಮುಂಜಾನಿ ಸಿಂದಗಿ ಸ್ಟ್ಯಾಂಡಿನ್ಯಾಗ ಬದಲಿ ಡ್ರೈವರ್ ಇದ್ದ. ಇಳದು ಹೋಗಂತ ನನಗ ಹೇಳಿದ್ರು. ನಾನ ಇಳೀಲಿಲ್ಲ."

"ಗೊತ್ತೈತಿ," ಎಂದ ಅಣ್ಣ.

ನನಗೆ ಕೇಳಿದ್ದು ನಂಬಿಕೆಯಾಗಲಿಲ್ಲ. "ಯಾವಾಗಿಂದ ಗೊತ್ತೈತಿ?"

"ಅವತ್ತಿಂದನ. ನೀ ಹೊಂಟಿಯೋ ಇಲ್ಲೋ ಅಂತ ನಾ ಸಿಂದಗಿಗಿ ತಿರಿಗಿ ಫೋನ್ ಹಚ್ಚಿದ್ದೆ. ಟ್ರಿಪ್ ಮುಗಿಸೇ ಹೋಗ್ತೇನಂತ ಗಾಡಿ ತಗೊಂಡು ಹೋದ್ರು ಅಂದ್ರು."

ಆರು ವರ್ಷ. ಊರವರು ಅವನನ್ನು ಅಂದಾಗ, ಹಿರಿತನ ಬಿಡುವಾಗ, ಸ್ಮಶಾನದಲ್ಲಿ ನಾನು ಆ ಮಾತು ಮುಖಕ್ಕೆ ಎಸೆದಾಗ, ಅವನ ಕೈಯಲ್ಲಿ ಇದು ಇತ್ತು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು, ಊರೆಲ್ಲ ನನ್ನ ಕಡೆ ತಿರುಗುತ್ತಿತ್ತು.

"ಯಾರ ಮುಂದೂ ಯಾಕ ಹೇಳಲಿಲ್ಲ ನೀ?"

"ಹೇಳಿ ಏನ ಮಾಡೂದಿತ್ತು? ಮಂದಿ ನನಗ ಅನ್ನೂದು ಬಿಟ್ಟು ನಿನಗ ಅಂತಿದ್ರು. ನನಗ ತಡಕೊಳ್ಳಾಕ ಬರತೈತಿ. ನಿನಗ ಬರೂದಿಲ್ಲ, ಸಣ್ಣಾಂವಿದ್ದಾಗಿಂದ ನೋಡೀನಿ." ಅವನು ಸಿಟ್ಟಿನಿಂದ ಹೇಳಲಿಲ್ಲ. ಬೇವಿನ ಗಿಡಕ್ಕೆ ಕೈ ಊರಿ ನಿಂತ. ಆಮೇಲೆ ಅಂದ, "ನಂದೂ ಒಂದು ತಪ್ಪೈತಿ. ನಿನಗ ಹೇಳಬೇಕಂತ ಭಾಳ ದಿನದಿಂದ ಇತ್ತು."

ನಾನು ಬರುವ ಮುಂಚೆ ಪೆಟ್ಟಿಗೆ ಮುಚ್ಚಿದ್ದರ ಮಾತು ಎತ್ತುತ್ತಾನೆಂದು ನಾನು ನಿಂತೆ.

"ಅವ್ವ ಎರಡು ಸಲ ಕೇಳಿದ್ಲು, ಸಣ್ಣಾಂವ ಎಲ್ಲಿ ಅದಾನಂತ. ಹಾದ್ಯಾಗ ಅದಾನವ್ವ, ಬರಾಕತ್ತಾನ ಅಂದೆ. ಮೂರನೇ ಸಲ ಕೇಳಿದಾಗ ಉಸರ ಎಳ್ಯಾಕತ್ತಿದ್ಲು. ಬಂದಾನವ್ವ, ನಿನ್ನ ಕಾಲಾಗ ಕುಂತಾನ ಅಂದೆ. ಕಣ್ಣ ಕಾಣತಿರಲಿಲ್ಲಲ್ಲ ಆಕಿಗಿ. ಕಾಲ ಸರಸಿ ನಿನಗ ಜಾಗಾ ಮಾಡಿದ್ಲು."

ನಾನು ಮೋಟರ್ ಸೈಕಲ್ಲಿನ ಸೀಟು ಹಿಡಿದುಕೊಂಡೆ. ಅಣ್ಣ ನನ್ನ ಮುಖ ನೋಡದೆ ಮಾತು ಮುಂದುವರಿಸಿದ.

"ಸಾಯೂ ತಾಯಿಗಿ ಸುಳ್ಳ ಹೇಳೀನಿ. ಆಕಿ ಅದನ್ನ ನಂಬಿಕೊಂಡ ಹ್ವಾದ್ಲು. ಅವತ್ತಿಂದ ದಿನಾ ದೇವರ ಮುಂದ ಅದನ್ನ ಹೇಳಿ ಕ್ಷಮಾ ಕೇಳಕೋತೇನಿ. ಒಂದು ದಿನಾನೂ ಬಿಟ್ಟಿಲ್ಲ."

ನಾನು ಅತ್ತೆ. ಐವತ್ತು ದಾಟಿದ ಮನುಷ್ಯ ಚರ್ಚಿನ ಅಂಗಳದಲ್ಲಿ ನಿಂತು, ಒಳಗಿನವರಿಗೆ ಕೇಳಿಸುವ ಹಾಗೆ ಅತ್ತೆ. ನಾನು ಇಲ್ಲದ ಜಾಗದಲ್ಲಿ ನನ್ನನ್ನು ಕೂರಿಸಿದವನು ಅವನು. ಆ ಸುಳ್ಳಿಗೆ ಅವನು ಆರು ವರ್ಷದಿಂದ ತಲೆಬಾಗುತ್ತಿದ್ದ, ಅದನ್ನು ಹೇಳುವ ಹಾಗೆ ಮಾಡಿದ ನಾನು ತಲೆ ಎತ್ತಿಕೊಂಡು ತಿರುಗುತ್ತಿದ್ದೆ. ಅವನ ಕಾಲು ಮುಟ್ಟಲು ಬಗ್ಗಿದೆ, ಅವನು ರಟ್ಟೆ ಹಿಡಿದು ಎತ್ತಿದ.

"ಅದು ನಿನ್ನ ಪಾಪ ಅಲ್ಲಣ್ಣಾ, ನಂದು," ಎಂದೆ. "ನೀ ಇನ್ನ ಕೇಳಬ್ಯಾಡ. ನಾ ಕೇಳ್ತೇನಿ."

ಒಳಗೆ ಹಾಡಿನ ಕಡೆಯ ನುಡಿ ಮುಗಿಯುತ್ತ ಬಂದಿತ್ತು. ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಕೈಗೆ ಕೊಟ್ಟ.

"ಇಬ್ರೂ ಕೇಳೂಣು, ನಡಿ," ಎಂದು ಬಾಗಿಲ ಕಡೆ ತಿರುಗಿದ. ನಾನು ಮುಖ ಒರೆಸಿಕೊಂಡು ಅವನ ಹಿಂದೆ ಒಳಗೆ ಹೋದೆ.